ಕೊಂದವನೂ ಮಗ, ಸತ್ತವನೂ ಮಗ

ಕೋರ್ಟ್ ಥ್ರಿಲ್ಲರ್‌ಗಳಲ್ಲಿ ಸಾಮಾನ್ಯವಾಗಿ ಎರಡು ಕುಟುಂಬ ಇರುತ್ತವೆ. ಒಂದು ಸತ್ತವರದು, ಇನ್ನೊಂದು ಆರೋಪಿಯದು. ಸೆಷನ್ಸ್ ಕೋರ್ಟಿನಲ್ಲಿ ಕೇಸು ನಡೆಸುವ ನಮ್ಮಂಥವರಿಗೆ ನಿಜಕ್ಕೂ ಕಷ್ಟದ್ದು ಎರಡೂ ಒಂದೇ ಮನೆಯಾಗಿರುವ ಕೇಸು. ಜಮೀನಿನ ಪಾಲಿಗೆ ಜಗಳ ಬಿದ್ದು ಅಣ್ಣ ತಮ್ಮನನ್ನು ಕಡಿದಿರುತ್ತಾನೆ. ನೋಡಿದವಳು ತಾಯಿ ಒಬ್ಬಳೇ.

"ಹೆತ್ತ ಮಗನ ಮೇಲೇ ಸಾಕ್ಷಿ ಹೇಳಬೇಕಾ ಸಾರ್?" ಅಂತ ಕೇಳುತ್ತಾರೆ. ಹೇಳಲೇಬೇಕು. ಸಮನ್ಸ್ ಬಂದರೆ ತಾಯಿ, ತಂಗಿ, ಮಗಳು ಯಾರಿಗೂ ವಿನಾಯಿತಿ ಇಲ್ಲ. ಕಾನೂನು ಸ್ವಲ್ಪ ಮರೆ ಕೊಟ್ಟಿರುವುದು ಗಂಡ ಹೆಂಡತಿಗೆ ಮಾತ್ರ, ಅದೂ ಅರ್ಧಂಬರ್ಧ. ಸಂಸಾರದಲ್ಲಿ ಗಂಡ ಹೇಳಿದ ಮಾತನ್ನು ಅವನ ಒಪ್ಪಿಗೆ ಇಲ್ಲದೆ ಹೆಂಡತಿಯ ಬಾಯಿಂದ ಹೊರಡಿಸುವಂತಿಲ್ಲ. ಹಿಂದೆ ಇದು ಸಾಕ್ಷ್ಯ ಕಾಯ್ದೆಯ 122ನೇ ಸೆಕ್ಷನ್. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 128. ಆದರೆ ಅವಳು ಕಣ್ಣಾರೆ ಕಂಡದ್ದಕ್ಕೆ ಈ ಮರೆ ಇಲ್ಲ.

1954ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದ ಉತ್ತರ ಪ್ರದೇಶದ ಕೊಲೆ ಕೇಸು ನೋಡಿ. ನಸುಕಿನಲ್ಲಿ ಗಂಡ ಮಾಳಿಗೆಯಿಂದ ಇಳಿದ, ಹೊಟ್ಟಿನ ಕೋಣೆಗೆ ಹೋದ, ಸ್ನಾನ ಮಾಡಿ ಅದೇ ಧೋತಿ ಮತ್ತೆ ಉಟ್ಟ. ಹೆಂಡತಿ ಇದನ್ನೆಲ್ಲ ನೋಡಿದ್ದಳು. ಒಡವೆ ತರಲು ಹೋಗಿದ್ದೆ ಅಂತ ಅವನು ಅವಳಿಗೆ ಹೇಳಿಯೂ ಇದ್ದ. ಕೋರ್ಟ್ ಅವನ ಮಾತನ್ನು ಬದಿಗಿಟ್ಟು, ಅವಳು ನೋಡಿದ್ದನ್ನು ಮಾತ್ರ ತೆಗೆದುಕೊಂಡಿತು. ಇನ್ನು ಅಪರಾಧ ಹೆಂಡತಿಯ ಮೇಲೇ ನಡೆದಿದ್ದರೆ ಮಾತಿಗೂ ಮರೆ ಇಲ್ಲ.

ಕೊಲೆಗಾರನನ್ನು ಅಡಗಿಸಿಟ್ಟರೂ ಹೀಗೇ. ಹೆಂಡತಿ ಬಚ್ಚಿಟ್ಟರೆ ಅಪರಾಧವಲ್ಲ. ತಾಯಿ ಬಚ್ಚಿಟ್ಟರೆ 5 ವರ್ಷದವರೆಗೆ ಜೈಲು. ಇದು ನನಗೆ ಇವತ್ತಿಗೂ ವಿಚಿತ್ರ ಅನಿಸುತ್ತದೆ. ಹಾಗಂತ ತಾಯಿ ಸಾಕ್ಷಿ ಹೇಳಲೇಬೇಕಿಲ್ಲ ಅಂತ ವಿನಾಯಿತಿ ಕೊಡಿ ಅನ್ನಲಾರೆ. ಮರ್ಯಾದೆ ಹೆಸರಲ್ಲಿ ಮಗಳನ್ನು ಕೊಂದ ಮನೆಯಲ್ಲಿ ಬೇರೆ ಸಾಕ್ಷಿ ಎಲ್ಲಿ ಸಿಗುತ್ತದೆ, ಅಲ್ವಾ?

ವಿಚಾರಣೆ ಶುರುವಾಗುವ ಹೊತ್ತಿಗೆ ಒಬ್ಬ ಮಗನ ಕರ್ಮಾಂತರ ಮುಗಿದಿರುತ್ತದೆ, ಇನ್ನೊಬ್ಬ ಜೈಲಿನಲ್ಲಿರುತ್ತಾನೆ. "ಇರೋನನ್ನಾದ್ರೂ ಉಳಿಸಿಕೊಳ್ಳೋಣ" ಅಂತ ಮನೆಯಲ್ಲಿ ಮಾತು ಶುರುವಾಗುತ್ತದೆ. ಕೊಲೆಗೆ ರಾಜಿ ಇಲ್ಲ, ಕಾನೂನು ಅದಕ್ಕೆ ಬಿಡುವುದಿಲ್ಲ. ಹಾಗಾಗಿ ತಾಯಿ ಕಟಕಟೆ ಹತ್ತಿ "ನಾನೇನೂ ನೋಡಿಲ್ಲ" ಅನ್ನುತ್ತಾಳೆ. ಸರ್ಕಾರಿ ವಕೀಲರು ಅವಳನ್ನು ಪ್ರತಿಕೂಲ ಸಾಕ್ಷಿ, ಅಂದರೆ ತಿರುಗಿಬಿದ್ದ ಸಾಕ್ಷಿ, ಅಂತ ಕರೆದು ಪಾಟಿಸವಾಲು ಮಾಡುತ್ತಾರೆ. ಪೊಲೀಸರ ಮುಂದಿನ ಹೇಳಿಕೆಗೆ ಸಾಕ್ಷಿಯ ಸಹಿ ಇರುವುದಿಲ್ಲ, ಅದನ್ನು ಅಲ್ಲಗಳೆಯುವುದು ಸುಲಭ. ಅದಕ್ಕೇ ಜಾಣ ತನಿಖಾಧಿಕಾರಿ ಮೊದಲೇ ಮ್ಯಾಜಿಸ್ಟ್ರೇಟರ ಮುಂದೆ ಪ್ರಮಾಣ ಮಾಡಿಸಿ ಹೇಳಿಕೆ ಬರೆಸಿಡುತ್ತಾರೆ.

ಅಣ್ಣ ಬಿಡುಗಡೆಯಾದರೂ ಕೇಸು ಮುಗಿಯಿತು ಅಂತಲ್ಲ. 2009ರ ಕೊನೆಯಿಂದ ಸತ್ತವನ ವಾರಸುದಾರರೂ ಮೇಲ್ಮನವಿ ಹಾಕಬಹುದು. ಅದಕ್ಕೆ ಹೈಕೋರ್ಟಿನ ಮುಂಚಿತ ಅನುಮತಿ ಬೇಕಿಲ್ಲ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಕರ್ನಾಟಕದಿಂದ ಹೋದ ಕೇಸಿನಲ್ಲೇ. ಅಂದರೆ ಅತ್ತೆ ಉಳಿಸಿಕೊಂಡ ಮಗನ ಮೇಲೆ ವಿಧವೆ ಸೊಸೆ ಹೈಕೋರ್ಟಿಗೆ ಹೋಗಬಹುದು. ಹೋಗುತ್ತಾರೆ ಕೂಡ.