ಮೊದಲು ತಳ್ಳಿದವನಿಗೆ ಹಳದಿ, ತಿರುಗಿ ಹೊಡೆದವನಿಗೆ ಕೆಂಪು: ಪೋಷಕರು ಏನು ಮಾಡಬೇಕು?

ಪ್ರಶ್ನೆ: ನನ್ನ ಮಗನಿಗೆ ಹದಿಮೂರು ವರ್ಷ. ಹದಿನಾಲ್ಕರ ಒಳಗಿನವರ ಫುಟ್‌ಬಾಲ್ ತಂಡದಲ್ಲಿ ಆಡುತ್ತಾನೆ. ಕಳೆದ ಪಂದ್ಯದಲ್ಲಿ ಎದುರಾಳಿ ತಂಡದ ಹುಡುಗನೊಬ್ಬ ಮೊದಲಾರ್ಧದ ಉದ್ದಕ್ಕೂ ಇವನ ಅಂಗಿ ಎಳೆಯುತ್ತ, ಕಾಲು ತುಳಿಯುತ್ತ ಇದ್ದ. ಚೆಂಡು ಹೊರಗೆ ಹೋದ ಮೇಲೂ ಅವನು ತಳ್ಳಿದಾಗ ನನ್ನ ಮಗ ತಿರುಗಿ ಅವನ ಮುಖಕ್ಕೆ ಹೊಡೆದ. ರೆಫರಿ ಆ ಹುಡುಗನಿಗೆ ಹಳದಿ ಕಾರ್ಡ್, ನನ್ನ ಮಗನಿಗೆ ಕೆಂಪು ಕಾರ್ಡ್ ತೋರಿಸಿದರು. ಶುರು ಮಾಡಿದವನು ಆಟದಲ್ಲಿ ಉಳಿದ, ಅಷ್ಟು ಹೊತ್ತು ಸಹಿಸಿಕೊಂಡವನು ಹೊರಗೆ ಬಂದ. ಇದು ನ್ಯಾಯವೇ? ನಾನು ಯಾರ ಬಳಿ ಮಾತನಾಡಬೇಕು?

ಉತ್ತರ: ಬೇರೆ ಬೇರೆ ರೂಪದಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಯಿದು. ಎಲ್ಲ ರೂಪಗಳಲ್ಲೂ ಪೋಷಕರ ವಾದ ‘ಶುರು ಮಾಡಿದವರು ಯಾರು’ ಎಂಬ ಒಂದೇ ಅಂಶದ ಮೇಲೆ ನಿಂತಿರುತ್ತದೆ. ಮನೆಯಲ್ಲಿ ಮಕ್ಕಳ ಜಗಳ ಬಿಡಿಸುವಾಗ ನಾವು ಮೊದಲು ಕೇಳುವುದು ಅದನ್ನೇ ಆದ್ದರಿಂದ ಮೈದಾನದಲ್ಲೂ ಅದನ್ನು ನಿರೀಕ್ಷಿಸುವುದು ಸಹಜ. ಆದರೆ ಫುಟ್‌ಬಾಲ್‌ನ ನಿಯಮಗಳು ಆ ಪ್ರಶ್ನೆಯನ್ನು ಕೇಳುವುದೇ ಇಲ್ಲ. ಒಂದು ಜಗಳದಲ್ಲಿ ಇಬ್ಬರು ಮೂರು ತಪ್ಪು ಮಾಡಿದ್ದರೆ ರೆಫರಿಯಾದವರು ಆ ಮೂರನ್ನೂ ಬಿಡಿಬಿಡಿಯಾಗಿ ತೂಗಿ ಒಂದೊಂದಕ್ಕೂ ತಕ್ಕ ಶಿಕ್ಷೆಯನ್ನು ಕೊಡಬೇಕು. ಮೊದಲ ತಪ್ಪು ಎರಡನೆಯದರ ತೂಕವನ್ನು ಕಡಿಮೆ ಮಾಡುವುದಿಲ್ಲ. ಇದನ್ನು ಒಪ್ಪಿಕೊಳ್ಳದೆ ಮುಂದಿನ ಯಾವ ಹೆಜ್ಜೆಯೂ ಪ್ರಯೋಜನಕ್ಕೆ ಬರುವುದಿಲ್ಲವಾದ್ದರಿಂದ ಮೊದಲು ನಿಯಮವನ್ನೇ ನೋಡೋಣ.

ಆಟದ ನಿಯಮಗಳನ್ನು ರೂಪಿಸುವುದು 1886ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಮಂಡಳಿ ಐಎಫ್‌ಎಬಿ. ಫೌಲ್ ಮತ್ತು ದುರ್ನಡತೆಗಳನ್ನು ಕುರಿತ 12ನೆಯ ನಿಯಮದ ಪ್ರಕಾರ, ಚೆಂಡಿಗಾಗಿ ಸೆಣಸದೆ ಇರುವಾಗ ಎದುರಾಳಿಯ ಮೇಲೆ ಅತಿಯಾದ ಬಲವನ್ನು ಬಳಸುವುದು ಅಥವಾ ಬಳಸಲು ಯತ್ನಿಸುವುದು ಹಿಂಸಾತ್ಮಕ ವರ್ತನೆಯಾಗುತ್ತದೆ. ಪೆಟ್ಟು ತಗುಲಿತೋ ಇಲ್ಲವೋ ಎಂಬುದು ಮುಖ್ಯವಲ್ಲ. ಅಂಥ ಸಂದರ್ಭದಲ್ಲಿ ಬೇಕೆಂದೇ ಇನ್ನೊಬ್ಬರ ತಲೆಗೆ ಅಥವಾ ಮುಖಕ್ಕೆ ಕೈಯಿಂದ ಹೊಡೆದರೆ, ಬಳಸಿದ ಬಲ ತೀರ ನಗಣ್ಯವಾಗಿದ್ದ ಹೊರತು, ಅದನ್ನು ಹಿಂಸಾತ್ಮಕ ವರ್ತನೆಯೆಂದೇ ಪರಿಗಣಿಸಬೇಕೆಂದು ನಿಯಮ ಪ್ರತ್ಯೇಕವಾಗಿ ಹೇಳುತ್ತದೆ. ಇದಕ್ಕೆ ಇರುವುದು ಕೆಂಪು ಕಾರ್ಡ್ ಒಂದೇ. ಚೆಂಡು ಹೊರಗೆ ಹೋದ ಮೇಲೆ ತಳ್ಳುವುದು ಸಾಮಾನ್ಯವಾಗಿ ಕ್ರೀಡಾಮನೋಭಾವಕ್ಕೆ ಒಪ್ಪದ ವರ್ತನೆಯಾಗಿ ಹಳದಿ ಕಾರ್ಡಿಗೆ ನಿಲ್ಲುತ್ತದೆ. ನೀವು ಬರೆದದ್ದನ್ನೇ ಆಧಾರವಾಗಿಟ್ಟುಕೊಂಡರೆ ಎರಡೂ ಕಾರ್ಡುಗಳು ಸರಿಯಾದ ಬಣ್ಣದಲ್ಲೇ ಇವೆ.

ಹಾಗಾದರೆ ಕೆಣಕಿದ್ದಕ್ಕೆ ಬೆಲೆಯೇ ಇಲ್ಲವೇ? ಕೆಣಕಿದ್ದು ವಿನಾಯಿತಿಯಾಗುವುದಾದರೆ ಪ್ರತಿಯೊಂದು ಹೊಡೆತಕ್ಕೂ ಅದಕ್ಕಿಂತ ಹಿಂದಿನ ಒಂದು ತಳ್ಳಾಟ, ಅದಕ್ಕೂ ಹಿಂದಿನ ಒಂದು ಬೈಗುಳ ಸಾಕ್ಷಿಗೆ ಬರುತ್ತದೆ, ಮತ್ತು ಸೀಟಿ ಹಿಡಿದ ಒಬ್ಬ ವ್ಯಕ್ತಿ ಆ ಸರಪಳಿಯ ಮೊದಲ ಕೊಂಡಿಯನ್ನು ಹುಡುಕಲು ಸಾಧ್ಯವಿಲ್ಲ. ಹಾಗೆಂದು ನಿಮ್ಮ ದೂರಿನಲ್ಲಿ ಹುರುಳಿಲ್ಲ ಎನ್ನಲಾರೆ. ಒಬ್ಬನೇ ಆಟಗಾರ ಮತ್ತೆ ಮತ್ತೆ ಫೌಲ್ ಮಾಡುತ್ತಿದ್ದರೆ ಅದೊಂದೇ ಕಾರಣಕ್ಕೆ ಹಳದಿ ಕಾರ್ಡ್ ತೋರಿಸಲು 12ನೆಯ ನಿಯಮದಲ್ಲಿ ಅವಕಾಶವಿದೆ. ಮೊದಲಾರ್ಧದಲ್ಲೇ ಆ ಕಾರ್ಡ್ ಹೊರಗೆ ಬಂದಿದ್ದರೆ ಎರಡನೆಯ ತಪ್ಪಿಗೆ ಎರಡನೆಯ ಹಳದಿ, ಅಂದರೆ ಕೆಂಪು ಕಾರ್ಡ್ ಬಿದ್ದು ಆ ಹುಡುಗನೇ ಹೊರನಡೆಯಬೇಕಾಗುತ್ತಿತ್ತು, ಬಹುಶಃ ನಿಮ್ಮ ಮಗನ ಕೈ ಏಳುತ್ತಲೇ ಇರಲಿಲ್ಲ. ರೆಫರಿ ಎಡವಿದ್ದರೆ ಅದು ಇಲ್ಲಿ. ಕೊನೆಗೆ ತೋರಿಸಿದ ಕಾರ್ಡಿನ ವಿಚಾರದಲ್ಲಿ ಅಲ್ಲ. ಈ ಎರಡನ್ನು ಬೇರೆ ಮಾಡಿ ನೋಡುವ ಪೋಷಕರು ತೀರ ಕಡಿಮೆ, ಮತ್ತು ದೂರುಗಳಲ್ಲಿ ಹೆಚ್ಚಿನವು ಬಿದ್ದುಹೋಗುವುದಕ್ಕೆ ಈ ಗೊಂದಲವೇ ಕಾರಣವೆಂದು ನನ್ನ ಅಭಿಪ್ರಾಯ.

ರೆಫರಿಗೆ ಏನು ಕಾಣಿಸುತ್ತದೆ ಎಂಬುದನ್ನೂ ಯೋಚಿಸಬೇಕು. ಕಿರಿಯರ ಪಂದ್ಯಗಳಲ್ಲಿ ಅನೇಕ ಸಲ ತರಬೇತಿ ಪಡೆದ ಸಹಾಯಕ ರೆಫರಿಗಳು ಇರುವುದಿಲ್ಲ. ಗೆರೆಯ ಬಳಿ ಬಾವುಟ ಹಿಡಿದವರು ಯಾವುದೋ ತಂಡದ ಸ್ವಯಂಸೇವಕರಾಗಿರುತ್ತಾರೆ, ಅವರ ಕೆಲಸ ಚೆಂಡು ಹೊರಗೆ ಹೋಯಿತೇ ಎಂದು ತಿಳಿಸುವುದಕ್ಕಷ್ಟೇ ಸೀಮಿತವಾಗಿರುತ್ತದೆ. ರೆಫರಿಯ ಕಣ್ಣು ಚೆಂಡಿನ ಹಿಂದೆ ಇರುವಾಗ ಬೆನ್ನ ಹಿಂದೆ ಅಂಗಿ ಎಳೆಯುವುದು ಕಾಣುವುದಿಲ್ಲ. ಮೊದಲ ತಳ್ಳಾಟಕ್ಕೆ ಗೆರೆಯಾಚೆಯಿಂದ ಕೂಗು ಏಳುತ್ತದೆ, ಕೂಗಿಗೆ ಅವರು ತಿರುಗುತ್ತಾರೆ, ತಿರುಗಿದ ಕ್ಷಣದಲ್ಲಿ ಕಣ್ಣಿಗೆ ಬೀಳುವುದು ಎರಡನೆಯ ಹೊಡೆತ. ಸೇಡಿನ ಪೆಟ್ಟು ಹೆಚ್ಚು ಸಲ ಸಿಕ್ಕಿಬೀಳುವುದಕ್ಕೆ ಪಕ್ಷಪಾತಕ್ಕಿಂತ ಈ ಕ್ರಮವೇ ದೊಡ್ಡ ಕಾರಣ. ತಾವು ನೋಡದ ತಪ್ಪಿಗೆ, ಪೋಷಕರು ಬೆರಳು ತೋರಿಸಿದರೆಂದು, ರೆಫರಿ ಕಾರ್ಡ್ ಕೊಡುವಂತಿಲ್ಲ.

ಜಗಳ ನಡೆಯುತ್ತಿರುವ ಹೊತ್ತಿನಲ್ಲಿ ಪೋಷಕರು ಮಾಡಬಹುದಾದದ್ದು ಬಹಳ ಕಡಿಮೆ, ಮಾಡಬಾರದ್ದು ಒಂದೇ: ಗೆರೆ ದಾಟಬಾರದು. ಮಗುವನ್ನು ಬಿಡಿಸಿಕೊಳ್ಳಲೆಂದೇ ಓಡಿದರೂ ಎದುರು ತಂಡದ ಪೋಷಕರಿಗೆ ಕಾಣುವುದು ತಮ್ಮ ಮಗುವಿನ ಕಡೆಗೆ ಓಡಿಬರುತ್ತಿರುವ ಒಬ್ಬ ದೊಡ್ಡ ಮನುಷ್ಯ. ಆಗ ಅವರೂ ಒಳಗೆ ಬರುತ್ತಾರೆ, ಮಕ್ಕಳ ಜಗಳ ದೊಡ್ಡವರದಾಗುತ್ತದೆ, ಮತ್ತು 5ನೆಯ ನಿಯಮ ಕೊಟ್ಟಿರುವ ಅಧಿಕಾರದಂತೆ ರೆಫರಿ ಪಂದ್ಯವನ್ನೇ ನಿಲ್ಲಿಸಿ ರದ್ದುಮಾಡಬಹುದು. ಹಲವರು ಒಟ್ಟಾಗಿ ಕಾದಾಡುವಾಗ ರೆಫರಿ ಸ್ವಲ್ಪ ದೂರ ನಿಂತುಬಿಡುವುದನ್ನು ನೋಡಿ ಪೋಷಕರು ಸಿಟ್ಟಾಗುವುದುಂಟು. ಆದರೆ ಯಾವ ಸಂಖ್ಯೆಯ ಆಟಗಾರ ಏನು ಮಾಡಿದ ಎಂದು ಗುರುತಿಟ್ಟುಕೊಳ್ಳಲು ಆ ದೂರ ಬೇಕು. ಬೆಂಚಿನಲ್ಲಿರುವ ಬದಲಿ ಆಟಗಾರರನ್ನು ಅಲ್ಲೇ ಹಿಡಿದು ಕೂರಿಸುವುದು ಕೋಚ್‌ಗಳ ಕೆಲಸ, ಏಕೆಂದರೆ ಅನುಮತಿಯಿಲ್ಲದೆ ಒಳಗೆ ಬಂದ ಬದಲಿ ಆಟಗಾರನಿಗೂ ಕಾರ್ಡ್ ಬೀಳಬಹುದು. 2019ರಿಂದ ಕೋಚ್‌ಗಳಿಗೂ ಹಳದಿ ಮತ್ತು ಕೆಂಪು ಕಾರ್ಡ್ ತೋರಿಸುವ ವ್ಯವಸ್ಥೆ ನಿಯಮಗಳಲ್ಲಿ ಬಂದಿದೆ. ತಂಡದ ಬೆಂಚಿನ ಕಡೆಯಿಂದ ತಪ್ಪು ಮಾಡಿದವರು ಯಾರೆಂದು ತಿಳಿಯದಿದ್ದರೆ ಅಲ್ಲಿರುವ ಹಿರಿಯ ಕೋಚ್ ಆ ಕಾರ್ಡಿಗೆ ಗುರಿಯಾಗುತ್ತಾರೆ. ಪೋಷಕರಿಗೆ ಕಾರ್ಡ್ ಇಲ್ಲ. ಆದರೆ ಒಬ್ಬರು ಮೈದಾನದಿಂದ ಹೊರಡುವವರೆಗೆ ಆಟವನ್ನು ನಿಲ್ಲಿಸಿಡಲು ರೆಫರಿಗೆ ಸಾಧ್ಯವಿದೆ, ಮತ್ತು ಅನೇಕ ಲೀಗ್‌ಗಳು ಪೋಷಕರ ವರ್ತನೆಗೆ ಕ್ಲಬ್ಬನ್ನೇ ಹೊಣೆ ಮಾಡುತ್ತವೆ.

ಇದು ಎಲ್ಲಿಗೆ ಹೋಗಿ ಮುಟ್ಟಬಲ್ಲದು ಎಂಬುದಕ್ಕೆ ನೆದರ್‌ಲೆಂಡ್ಸ್‌ನ ಅಲ್ಮೇರೆಯಲ್ಲಿ 2012ರ ಡಿಸೆಂಬರ್‌ನಲ್ಲಿ ನಡೆದದ್ದು ಸಾಕ್ಷಿ. ತನ್ನ ಮಗ ಆಡುತ್ತಿದ್ದ ಪಂದ್ಯಕ್ಕೆ ಸ್ವಯಂಸೇವಕರಾಗಿ ಬಾವುಟ ಹಿಡಿದಿದ್ದ ತಂದೆಯೊಬ್ಬರನ್ನು ಪಂದ್ಯ ಮುಗಿದ ಮೇಲೆ ಎದುರು ತಂಡದವರು ಹೊಡೆದು ತುಳಿದರು; ಮರುದಿನ ಅವರು ತೀರಿಕೊಂಡರು. ಅದರ ಮುಂದಿನ ವಾರಾಂತ್ಯದ ಎಲ್ಲ ಹವ್ಯಾಸಿ ಪಂದ್ಯಗಳನ್ನು ಅಲ್ಲಿನ ಫುಟ್‌ಬಾಲ್ ಸಂಸ್ಥೆ ರದ್ದುಪಡಿಸಿತು. 2013ರಲ್ಲಿ ನ್ಯಾಯಾಲಯ ಹದಿಹರೆಯದ ಆಟಗಾರರ ಜೊತೆಗೆ ಅವರಲ್ಲೊಬ್ಬನ ತಂದೆಯನ್ನೂ ತಪ್ಪಿತಸ್ಥನೆಂದು ತೀರ್ಮಾನಿಸಿತು.

ಈಗ ನಿಮ್ಮ ಎರಡನೆಯ ಪ್ರಶ್ನೆಗೆ ಬರುತ್ತೇನೆ. ರೆಫರಿಯ ಬಳಿ ಮಾತನಾಡಬೇಡಿ. ಸೌಮ್ಯವಾಗಿ ಕಾರಣ ಕೇಳುತ್ತೇನೆ ಎಂದು ಹೊರಟವರ ದನಿ ಎರಡನೆಯ ವಾಕ್ಯಕ್ಕೇ ಏರುತ್ತದೆ, ಮತ್ತು ಅಂಗಳದಿಂದ ಹೊರಗೆ ಕಾಲಿಡುವವರೆಗೆ ಆಟಗಾರರ ಮತ್ತು ಕೋಚ್‌ಗಳ ಮೇಲೆ ಶಿಸ್ತು ಕ್ರಮ ಕೈಗೊಳ್ಳುವ ಅಧಿಕಾರ ರೆಫರಿಗೆ ಇರುವುದರಿಂದ ನಿಮ್ಮ ಮಾತಿಗೆ ದನಿಗೂಡಿಸಿದ ಕೋಚ್ ಅಥವಾ ಆಟಗಾರ ಸಿಕ್ಕಿಬೀಳಬಹುದು. ಕಿರಿಯರ ಪಂದ್ಯ ನಡೆಸುವವರಲ್ಲಿ ಅನೇಕರು ತಾವೇ ಹದಿಹರೆಯದವರು ಎಂಬುದನ್ನು ನೆನಪಿಡಿ. ಇಬ್ಬರು ಮೂವರು ವಯಸ್ಕರು ಸುತ್ತುವರಿದು ಪ್ರಶ್ನಿಸಿದರೆ ಅದು ಅವರಿಗೆ ಬೆದರಿಕೆಯೇ ಸರಿ. ಅಮೆರಿಕದ ಫುಟ್‌ಬಾಲ್ ಒಕ್ಕೂಟ 2025ರ ಮಾರ್ಚ್‌ನಿಂದ ಜಾರಿಗೆ ತಂದ ರೆಫರಿ ನಿಂದನೆ ತಡೆ ನೀತಿಯಂಥ ಕಟ್ಟುಪಾಡುಗಳು ಹುಟ್ಟಿಕೊಂಡಿರುವುದು ಇಂಥ ಅನುಭವಗಳಿಂದಲೇ.

ಮಾತನಾಡಬೇಕಾದದ್ದು ಕೋಚ್ ಅಥವಾ ಕ್ಲಬ್‌ನ ಕಾರ್ಯದರ್ಶಿಯ ಬಳಿ, ಅದೂ ಒಂದು ರಾತ್ರಿ ಕಳೆದ ಮೇಲೆ. ಕೆಂಪು ಕಾರ್ಡಿನ ಕುರಿತು ರೆಫರಿ ಸಂಬಂಧಪಟ್ಟ ಸಂಸ್ಥೆಗೆ ವರದಿ ಕಳುಹಿಸುತ್ತಾರೆ. ಸಾಮಾನ್ಯವಾಗಿ ಮುಂದಿನ ಒಂದು ಪಂದ್ಯದ ಅಮಾನತು ತಾನಾಗಿಯೇ ಬರುತ್ತದೆ, ಹಿಂಸಾತ್ಮಕ ವರ್ತನೆಗೆ ಅದು ಹೆಚ್ಚಾಗುವುದು ವಾಡಿಕೆ. ಎಷ್ಟು ಎಂಬುದು ಆಯಾ ಲೀಗ್‌ನ ಶಿಸ್ತು ಸಂಹಿತೆಗೆ ಬಿಟ್ಟದ್ದು. ಆ ಸಂಹಿತೆಯನ್ನು ಮೊದಲು ತರಿಸಿ ಓದಿ. ಆಟಕ್ಕೆ ಸಂಬಂಧಿಸಿದ ಸಂಗತಿಗಳ ಬಗ್ಗೆ ರೆಫರಿಯ ತೀರ್ಮಾನವೇ ಅಂತಿಮ ಎಂಬುದು ಮೂಲ ನಿಯಮವಾದ್ದರಿಂದ ಮೇಲ್ಮನವಿಯ ದಾರಿ ಬಹಳ ಇಕ್ಕಟ್ಟಾಗಿರುತ್ತದೆ: ಒಬ್ಬನ ಬದಲಿಗೆ ಇನ್ನೊಬ್ಬನಿಗೆ ಕಾರ್ಡ್ ತೋರಿಸಿದ್ದರೆ ಅಥವಾ ಶಿಕ್ಷೆಯ ಪ್ರಮಾಣ ಸಂಹಿತೆಗೆ ಮೀರಿದ್ದರೆ ಮಾತ್ರ ಅದಕ್ಕೆ ಬಲವಿರುತ್ತದೆ. ಗಡುವು ಕೆಲವೇ ದಿನಗಳದ್ದಾಗಿರಬಹುದು, ಮನವಿ ಪೋಷಕರಿಂದ ನೇರವಾಗಿ ಹೋಗದೆ ಕ್ಲಬ್‌ನ ಮೂಲಕವೇ ಹೋಗಬೇಕೆಂಬ ಷರತ್ತೂ ಇರಬಹುದು. ನಿಮ್ಮ ಪ್ರಕರಣದಲ್ಲಿ ನಾನಾಗಿದ್ದರೆ ಮೇಲ್ಮನವಿ ಸಲ್ಲಿಸುತ್ತಿರಲಿಲ್ಲ.

ಅದರ ಬದಲು ಪಂದ್ಯದ ನಿರ್ವಹಣೆಯ ಕುರಿತು ಪ್ರತ್ಯೇಕ ಪತ್ರ ಬರೆಯಲು ಕ್ಲಬ್ಬನ್ನು ಕೇಳುತ್ತಿದ್ದೆ. ಅದರಲ್ಲಿ ಪಂದ್ಯದ ದಿನಾಂಕ, ಇಂಥ ಸಂಖ್ಯೆಯ ಆಟಗಾರ ಸುಮಾರು ಯಾವ ಯಾವ ನಿಮಿಷಗಳಲ್ಲಿ ಏನು ಮಾಡಿದ, ಅದನ್ನು ನೋಡಿದವರು ಎಲ್ಲಿ ನಿಂತಿದ್ದರು ಎಂಬಷ್ಟೇ ಇರಲಿ. ‘ನಾಚಿಕೆಗೇಡು’, ‘ಪಕ್ಷಪಾತ’ ಎಂಬಂಥ ಮಾತುಗಳು ಓದುವವರನ್ನು ಮೊದಲ ಸಾಲಿನಲ್ಲೇ ದೂರ ಸರಿಸುತ್ತವೆ. ನಿಮ್ಮ ಮಗನೂ ಹೊಡೆದನೆಂಬುದನ್ನು ಮುಚ್ಚಿಡದೆ ಬರೆದರೆ ಉಳಿದದ್ದನ್ನು ನಂಬುತ್ತಾರೆ. ಇಂಥ ಪತ್ರದಿಂದ ಕೆಂಪು ಕಾರ್ಡ್ ರದ್ದಾಗುವುದಿಲ್ಲ, ಆದರೆ ಅದೇ ರೆಫರಿಗೆ ಹಿರಿಯರ ಮಾರ್ಗದರ್ಶನ ಕೊಡಿಸಲು, ಆ ತಂಡದ ಮುಂದಿನ ಪಂದ್ಯಗಳಿಗೆ ಅನುಭವಿಗಳನ್ನು ನೇಮಿಸಲು ಲೀಗ್‌ಗೆ ಕಾರಣ ಸಿಗುತ್ತದೆ. ವಿಡಿಯೊ ಇದ್ದರೆ ಕ್ಲಬ್‌ಗೆ ಮಾತ್ರ ಕೊಡಿ. ಪೋಷಕರ ವಾಟ್ಸಾಪ್ ಗುಂಪಿಗೆ ಹಾಕಿದರೆ ಎರಡೂ ಕಡೆಯ ಮಕ್ಕಳ ಮುಖ ಎಲ್ಲೆಲ್ಲೋ ಹರಿದಾಡುತ್ತದೆ.

ಮಗನ ಜೊತೆಗಿನ ಮಾತು ಇವೆಲ್ಲಕ್ಕಿಂತ ಕಷ್ಟದ್ದು. 1970ರ ವಿಶ್ವಕಪ್‌ನಲ್ಲಿ ಮೊದಲ ಬಾರಿಗೆ ಬಳಕೆಗೆ ಬಂದ ಈ ಕಾರ್ಡುಗಳ ಉದ್ದೇಶವೇ ರೆಫರಿಯ ಮಾತು ಅರ್ಥವಾಗದವರಿಗೂ ತೀರ್ಮಾನ ದೂರದಿಂದ ತಿಳಿಯಬೇಕೆಂಬುದು. ಹದಿಮೂರು ವರ್ಷದ ಹುಡುಗನಿಗೆ ಅದೆಂದರೆ ಎಲ್ಲರೆದುರು ಆದ ಅವಮಾನ. ಮನೆಗೆ ಮರಳುವ ದಾರಿಯಲ್ಲೇ ಪಾಠ ಮಾಡಬೇಡಿ, ರೆಫರಿಯನ್ನು ಬೈದು ಸಮಾಧಾನ ಮಾಡಲೂ ಬೇಡಿ. ಅವನ ಸಿಟ್ಟು ಸರಿ, ಹೊಡೆದದ್ದು ತಪ್ಪು ಎಂಬ ಎರಡೂ ಮಾತುಗಳನ್ನು ಒಂದೇ ಉಸಿರಿನಲ್ಲಿ ಕೇಳಿಸಿಕೊಳ್ಳುವ ಸ್ಥಿತಿಗೆ ಅವನು ಬರಲು ಒಂದೆರಡು ದಿನ ಹಿಡಿಯಬಹುದು. ಆಮೇಲೆ ಮುಂದಿನ ಸಲ ಏನು ಮಾಡಬಹುದು ಎಂಬುದಕ್ಕೆ ಬನ್ನಿ. ಎರಡನೆಯ ಸಲ ಅಂಗಿ ಎಳೆದಾಗಲೇ ನಾಯಕನಿಗೆ ತಿಳಿಸುವುದು, ನಾಯಕ ಆಟ ನಿಂತಾಗ ರೆಫರಿಗೆ ಮರ್ಯಾದೆಯಿಂದ ಹೇಳುವುದು ಒಂದು ದಾರಿ; 2024ರಿಂದ ಐಎಫ್‌ಎಬಿ ನಾಯಕನೊಬ್ಬನೇ ರೆಫರಿಯನ್ನು ಸಮೀಪಿಸುವ ಪದ್ಧತಿಗೆ ಮಾರ್ಗಸೂಚಿ ಕೊಟ್ಟಿರುವುದರಿಂದ ಇದಕ್ಕೆ ಈಗ ಹೆಚ್ಚು ಬೆಲೆಯಿದೆ. ಸೀಟಿ ಊದಿದ ಕೂಡಲೇ ಎದುರಾಳಿಯಿಂದ ಐದಾರು ಹೆಜ್ಜೆ ದೂರ ನಡೆದುಬಿಡುವ ಅಭ್ಯಾಸವನ್ನು ತರಬೇತಿಯಲ್ಲೇ ಮಾಡಿಸಬಹುದು. ಕಿರಿಯರ ಅನೇಕ ಸ್ಪರ್ಧೆಗಳಲ್ಲಿ ಬದಲಿ ಆಟಗಾರನಿಗೆ ಜಾಗ ಬಿಟ್ಟು ಹೊರಗೆ ಬಂದ ಆಟಗಾರ ಮತ್ತೆ ಒಳಗೆ ಹೋಗಬಹುದಾದ್ದರಿಂದ, ಮುಖ ಕೆಂಪಾಗುತ್ತಿರುವ ಹುಡುಗನನ್ನು ಐದು ನಿಮಿಷ ಹೊರಗೆ ಕರೆದು ನೀರು ಕುಡಿಸುವುದು ಕೋಚ್‌ಗೆ ಕಷ್ಟದ ಮಾತಲ್ಲ. ನಿಮ್ಮ ಕೋಚ್ ಅದನ್ನೇಕೆ ಮಾಡಲಿಲ್ಲ ಎಂದು ಕೇಳುವುದು ರೆಫರಿಯ ಬಗ್ಗೆ ದೂರುವುದಕ್ಕಿಂತ ಹೆಚ್ಚು ಫಲ ಕೊಡಬಲ್ಲ ಪ್ರಶ್ನೆ.

ಹೊಡೆಸಿಕೊಂಡ ಮಗುವಿನ ಪೋಷಕರು ನೀವಾಗಿದ್ದರೆ ಆದ್ಯತೆ ಬೇರೆ. ತಲೆಗೆ ಪೆಟ್ಟು ಬಿದ್ದು ಗೊಂದಲ, ತಲೆನೋವು, ವಾಂತಿ, ಮಂಕು ಕಾಣಿಸಿದರೆ ಆ ದಿನ ಮತ್ತೆ ಆಡಿಸದೆ ವೈದ್ಯರಿಗೆ ತೋರಿಸಬೇಕು; ಕಾರ್ಡಿನ ಬಣ್ಣದ ಚರ್ಚೆ ಕಾಯಬಲ್ಲದು. ಬಿದ್ದವನನ್ನು ಗುಂಪು ಕಟ್ಟಿ ಒದೆಯುವಂಥದ್ದು, ವಯಸ್ಕರೊಬ್ಬರು ಮಗುವಿನ ಮೇಲೆ ಕೈಮಾಡುವಂಥದ್ದು ನಡೆದರೆ ಅದು ಲೀಗ್‌ನ ಶಿಸ್ತು ಸಮಿತಿಯಲ್ಲಿ ಮುಗಿಯಬೇಕಾದ ವಿಷಯವಲ್ಲ, ಪೊಲೀಸರಿಗೆ ದೂರು ಕೊಡಬೇಕು.

ಇನ್ನೊಂದು ಸಣ್ಣ ವಿಷಯ, ಆದರೆ ಹಲವರು ಮರೆಯುವಂಥದ್ದು. ಅಮಾನತು ಯಾವ ಪಂದ್ಯಕ್ಕೆ ಅನ್ವಯಿಸುತ್ತದೆ, ಆ ಪಂದ್ಯ ಮುಂದೂಡಿದರೆ ಏನಾಗುತ್ತದೆ, ಅದೇ ವಾರ ಬೇರೆ ಟೂರ್ನಿಯಲ್ಲಿ ಆಡಬಹುದೇ, ಆಡದಿದ್ದರೂ ತಂಡದ ಬೆಂಚಿನಲ್ಲಿ ಕೂರಬಹುದೇ ಎಂಬುದನ್ನು ಕ್ಲಬ್‌ನ ಕಾರ್ಯದರ್ಶಿಯಿಂದ ಬರಹದಲ್ಲಿ ಪಡೆದುಕೊಳ್ಳಿ. ಅಮಾನತಿನಲ್ಲಿರುವ ಆಟಗಾರನನ್ನು ತಿಳಿಯದೆ ಇಳಿಸಿದರೂ ಆ ಪಂದ್ಯದ ಅಂಕಗಳನ್ನು ತಂಡ ಕಳೆದುಕೊಳ್ಳುವ ಸಾಧ್ಯತೆ ಇರುತ್ತದೆ.