ಕ್ಯಾನ್ಸರ್ ಸಂಶೋಧಕರ ಪೇಪರ್ ಪಟ್ಟಿಯನ್ನು ಓದುವುದು ಹೇಗೆ?

"ಈ ಡಾಕ್ಟರ್ 300 ಪೇಪರ್ ಬರೆದಿದ್ದಾರಂತೆ, ಇವರ ಹತ್ರ ಹೋಗಬಹುದಾ?" ರೋಗಿಗಳ ಮನೆಯವರು ನನ್ನನ್ನು ಆಗಾಗ ಕೇಳುತ್ತಾರೆ. ಜೀನ್ ಥೆರಪಿಯ, ಅಂದರೆ ಜೀವಕೋಶಕ್ಕೆ ಹೊಸ ಜೀನ್ ಸೇರಿಸುವ ಚಿಕಿತ್ಸೆಯ ಮಾತು ಬಂದರಂತೂ ಈ ಪ್ರಶ್ನೆ ತಪ್ಪುವುದೇ ಇಲ್ಲ. ಸಂಖ್ಯೆ ನೋಡಿ ನಾನು ಉತ್ತರ ಕೊಡುವುದಿಲ್ಲ. ವೈದ್ಯಕೀಯ ಸಂಶೋಧನಾ ಪೇಪರುಗಳನ್ನು ಹುಡುಕುವ ಪಬ್‌ಮೆಡ್ ತಾಣ ತೆರೆದು, ಒಂದೇ ಚಿಕಿತ್ಸೆಯ ಬಗ್ಗೆ ಅವರು ಮೊದಲು ಏನು ಬರೆದರು, ಆಮೇಲೆ ಏನು ಬರೆದರು ಅಂತ ನೋಡುತ್ತೇನೆ.

ಪಟ್ಟಿಯಲ್ಲಿರುವುದೆಲ್ಲ ಒಂದೇ ತೂಕದ್ದಲ್ಲ. ಸಂಪಾದಕರಿಗೆ ಬರೆದ ಪತ್ರವೂ ಒಂದು, ನೂರಾರು ರೋಗಿಗಳ ಮೇಲೆ ಚಿಕಿತ್ಸೆಯನ್ನು ಪರೀಕ್ಷಿಸಿದ ಟ್ರಯಲ್ ಕೂಡ ಒಂದು. ಹೆಸರು ಎಲ್ಲಿದೆ ಅನ್ನುವುದೂ ಮುಖ್ಯ. ಸಾಮಾನ್ಯವಾಗಿ ಮೊದಲ ಹೆಸರು ಕೈಯಾರೆ ಕೆಲಸ ಮಾಡಿದವರದ್ದು, ಕೊನೆಯದು ತಂಡ ನಡೆಸಿದವರದ್ದು. ಇನ್ನು ಎಚ್-ಇಂಡೆಕ್ಸ್. ಅದು 40 ಇದ್ದರೆ, ತಲಾ ಕನಿಷ್ಠ 40 ಸಲ ಇತರ ಪೇಪರುಗಳಲ್ಲಿ ಉಲ್ಲೇಖವಾದ 40 ಪೇಪರುಗಳಿವೆ ಎಂದರ್ಥ. ಆದರೆ ಮೆಚ್ಚಿ ಉಲ್ಲೇಖಿಸಿದರೂ, ತಪ್ಪು ತೋರಿಸಲು ಉಲ್ಲೇಖಿಸಿದರೂ ಲೆಕ್ಕ ಒಂದೇ.

ಅಮೆರಿಕದ ಸಂಶೋಧಕ ಕಾರ್ಲ್ ಜೂನ್ ಅವರ ತಂಡದ ಪೇಪರುಗಳನ್ನು ಸಾಲಾಗಿ ಓದಿದರೆ ನಾನು ಹುಡುಕುವುದೇನೆಂದು ಗೊತ್ತಾಗುತ್ತದೆ. ರೋಗಿಯ ರಕ್ತದಿಂದಲೇ ರೋಗನಿರೋಧಕ ಟಿ-ಕೋಶ ತೆಗೆದು, ವೈರಸ್ ಮೂಲಕ ಅದಕ್ಕೊಂದು ಹೊಸ ಜೀನ್ ಸೇರಿಸಿ, ಸಿಡಿ19 ಎಂಬ ಗುರುತಿರುವ ಕೋಶಗಳನ್ನು ಕೊಲ್ಲಿಸುವ ಕಾರ್-ಟಿ ಚಿಕಿತ್ಸೆ ಅವರದ್ದು. 2011ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಪೇಪರಿನಲ್ಲಿ ಇದ್ದದ್ದು ಒಬ್ಬನೇ ರೋಗಿ! 2013ರ ಪೇಪರಿನಲ್ಲಿ ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್) ಇದ್ದ ಇಬ್ಬರು ಮಕ್ಕಳು. ಇಬ್ಬರಿಗೂ ಗುಣ ಕಂಡಿತು, ಆದರೆ ಒಂದು ಮಗುವಿಗೆ ಕಾಯಿಲೆ ಮರಳಿತು. ಮರಳಿ ಬಂದ ಕೋಶಗಳಲ್ಲಿ ಸಿಡಿ19 ಇರಲೇ ಇಲ್ಲ. ಕ್ಯಾನ್ಸರ್ ಹೇಗೆ ತಪ್ಪಿಸಿಕೊಂಡಿತು ಅನ್ನುವುದನ್ನು ಅದೇ ಪೇಪರಿನಲ್ಲಿ ಬರೆದರು. 2014ರಲ್ಲಿ 30 ಜನರ ಪೈಕಿ 27 ಮಂದಿಯಲ್ಲಿ ಕ್ಯಾನ್ಸರ್ ಸಂಪೂರ್ಣ ಮರೆಯಾಯಿತು. ಜೊತೆಗೆ, ಎಲ್ಲರಿಗೂ ಸೈಟೊಕೈನ್ ಪ್ರತಿಕ್ರಿಯೆ (ರೋಗನಿರೋಧಕ ಶಕ್ತಿ ಅತಿಯಾಗಿ ಕೆರಳಿ ಆಗುವ ಅಡ್ಡಪರಿಣಾಮ) ಆಯಿತು, 27%ರಷ್ಟು ಜನರಲ್ಲಿ ಅದು ತೀವ್ರವಾಗಿತ್ತು ಎಂದೂ ಹೇಳಿದರು. 2018ರಲ್ಲಿ ಬೇರೆ ಬೇರೆ ದೇಶಗಳ ಆಸ್ಪತ್ರೆಗಳಲ್ಲಿ 75 ರೋಗಿಗಳಿಗೆ ಕೊಟ್ಟಾಗ, ಕ್ಯಾನ್ಸರ್ ಮರೆಯಾದವರ ಅಂಕಿ 90%ರಿಂದ 81%ಕ್ಕೆ ಇಳಿಯಿತು. ನನಗೆ ಈ ಇಳಿತದ ಮೇಲೆಯೇ ನಂಬಿಕೆ ಜಾಸ್ತಿ. ಒಂದೇ ಕಡೆ ಸಿಕ್ಕ ಒಳ್ಳೆಯ ಅಂಕಿ ಹಲವು ಕಡೆ ಸ್ವಲ್ಪ ತಗ್ಗುವುದು ಸಹಜ. 2022ರಲ್ಲಿ, ಹತ್ತು ವರ್ಷದ ನಂತರವೂ ಮೊದಮೊದಲ ಇಬ್ಬರು ರೋಗಿಗಳಲ್ಲಿ ಆ ಕಾರ್-ಟಿ ಕೋಶಗಳು ಉಳಿದಿವೆ ಎಂದು ನೇಚರ್ ಪತ್ರಿಕೆಯಲ್ಲಿ ವರದಿಯಾಯಿತು.

ಪ್ಯಾರಿಸ್‌ನ ಅಲೆನ್ ಫಿಷರ್ ಮತ್ತು ಮರೀನಾ ಕವಜಾನಾ ಅವರ ಉದಾಹರಣೆ ಇನ್ನೂ ಕಠಿಣ. ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿ ಇಲ್ಲದ ಮಕ್ಕಳಿಗೆ ಜೀನ್ ಥೆರಪಿ ಫಲ ಕೊಟ್ಟಿತು ಎಂದು 2000ದಲ್ಲಿ ಬರೆದರು. ಜಗತ್ತೇ ಸಂಭ್ರಮಿಸಿತು. 2003ರಲ್ಲಿ ಅದೇ ತಂಡ, ಹಾಕಿದ ಜೀನ್ ಎಲ್‌ಎಂಒ2 ಎಂಬ ಇನ್ನೊಂದು ಜೀನ್‌ನ ಪಕ್ಕ ಹೋಗಿ ಕೂತು ಅದನ್ನು ಚಾಲೂ ಮಾಡಿದೆ, ಮಕ್ಕಳಿಗೆ ಲ್ಯುಕೇಮಿಯಾ ಬಂದಿದೆ ಎಂದು ಪ್ರಕಟಿಸಿತು. ಕೊನೆಗೆ ಅಲ್ಲಿ ನಾಲ್ಕು ಮಕ್ಕಳಿಗೆ ಹಾಗಾಯಿತು, ಒಂದು ಮಗು ಉಳಿಯಲಿಲ್ಲ. ಆ ಪೇಪರುಗಳು ಬಂದಿದ್ದರಿಂದಲೇ ಮುಂದಿನವರು ಜೀನ್ ಅನ್ನು ಕೋಶದೊಳಗೆ ಒಯ್ಯುವ ಹೆಚ್ಚು ಸುರಕ್ಷಿತ ವೈರಸ್ ವಾಹಕಗಳನ್ನು ರೂಪಿಸಿದರು. ಯಾರದೇ ಪಟ್ಟಿಯಲ್ಲಿ ಇಂಥ ಪೇಪರ್ ಕಂಡರೆ ನನಗೆ ಗೌರವ ಹೆಚ್ಚುತ್ತದೆ.

ಬರೀ ಇಲಿ ಮತ್ತು ಲ್ಯಾಬ್ ಕೋಶಗಳ ಪೇಪರುಗಳೇ ತುಂಬಿದ ಪಟ್ಟಿಗಳೂ ಇವೆ. ಅದು ಬೇಕಾದ ವಿಜ್ಞಾನವೇ. ಆದರೆ ನಿಮ್ಮ ಮನೆಯವರಿಗೆ ಅದು ಚಿಕಿತ್ಸೆ ಅಲ್ಲ, ಅಲ್ವಾ? ಔಷಧ ತಯಾರಿಸುವ ಆಮ್ಜೆನ್ ಕಂಪನಿಯವರು 53 ಹೆಸರಾಂತ ಪ್ರಯೋಗಾಲಯ ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದಾಗ 6 ಮಾತ್ರ ಅದೇ ಫಲ ಕೊಟ್ಟವು ಎಂದು 2012ರಲ್ಲಿ ವರದಿಯಾಗಿತ್ತು.

ನೀವೇ ನೋಡಬೇಕೆಂದರೆ, ಟ್ರಯಲ್ ಪೇಪರಿನ ಸಾರಾಂಶದ ಕೊನೆಗೆ ಸಾಮಾನ್ಯವಾಗಿ ನೋಂದಣಿ ಸಂಖ್ಯೆ ಇರುತ್ತದೆ. ಆ ಸಂಶೋಧಕರು ಇನ್ಯಾವ ಟ್ರಯಲ್‌ಗಳನ್ನು ನೋಂದಾಯಿಸಿದ್ದಾರೆ ಅಂತ ಟ್ರಯಲ್‌ಗಳನ್ನು ನೋಂದಾಯಿಸುವ ವೆಬ್ ತಾಣದಲ್ಲಿ ಹುಡುಕಿ. ಮುಗಿದು ವರ್ಷಗಳಾದರೂ ಫಲಿತಾಂಶ ಎಲ್ಲೂ ಬಂದಿಲ್ಲವಾ? ಹಾಗಾದರೆ ಸಂಕೋಚ ಬೇಡ, ಡಾಕ್ಟರನ್ನೇ ನೇರವಾಗಿ ಕೇಳಿ: "ಆ ಟ್ರಯಲ್‌ನಲ್ಲಿದ್ದ ರೋಗಿಗಳು ಈಗ ಹೇಗಿದ್ದಾರೆ?"