ಆತಿಥೇಯ ದೇಶದ ಹಾಡಿಗೆ ಚಪ್ಪಾಳೆ ಉಂಟು, ಮತ ಯಾಕಿಲ್ಲ?

ಪ್ರಶ್ನೆ: ಯೂರೋಪಿನ ದೇಶಗಳ ವಾರ್ಷಿಕ ಹಾಡಿನ ಸ್ಪರ್ಧೆಯಾದ ಯೂರೋವಿಷನ್‌ನ 2025ರ ಫೈನಲ್‌ನಲ್ಲಿ ಆತಿಥೇಯ ಸ್ವಿಟ್ಜರ್ಲೆಂಡ್‌ನ ಝೋಯೆ ಮೇ ಹಾಡಿದ 'ವೊಯಾಜ್' ಎಂಬ ಬ್ಯಾಲಡ್ (ನಿಧಾನಗತಿಯ ಭಾವುಕ ಹಾಡು) ಅನ್ನು ಅಭಿಮಾನಿಗಳು ಹೊಗಳಿದರು, ತೀರ್ಪುಗಾರರು ಎರಡನೇ ಸ್ಥಾನದಲ್ಲಿಟ್ಟರು. ಪ್ರೇಕ್ಷಕರ ಮತದಲ್ಲಿ ಮಾತ್ರ ಸೊನ್ನೆ. ಮೆಚ್ಚಿದವರು ಯಾರೂ ಮತ ಹಾಕಲಿಲ್ಲವೇ? ಅಥವಾ ಆತಿಥೇಯ ದೇಶ ಎಂದು ಬೇಕಂತಲೇ ಕೈಬಿಟ್ಟರೇ?

ಉತ್ತರ: ಸೊನ್ನೆ ಅಂಕ ಅಂದರೆ ಸೊನ್ನೆ ಮತ ಅಲ್ಲ. ಸಾವಿರಾರು ಜನ ಮತ ಹಾಕಿಯೂ ಒಂದು ಹಾಡಿಗೆ ಸೊನ್ನೆ ಅಂಕ ಬರಬಹುದು, ಲೆಕ್ಕದ ಪದ್ಧತಿಯೇ ಹಾಗಿದೆ.

2016ರಿಂದ ಪ್ರತಿ ದೇಶವೂ ಎರಡು ಕಂತು ಅಂಕ ಕೊಡುತ್ತದೆ. ಒಂದು ತೀರ್ಪುಗಾರರದ್ದು, ಇನ್ನೊಂದು ಪ್ರೇಕ್ಷಕರದ್ದು. ಎರಡರಲ್ಲೂ ಮೊದಲ ಸ್ಥಾನಕ್ಕೆ 12, ಎರಡನೆಯದಕ್ಕೆ 10, ಆಮೇಲೆ 8ರಿಂದ 1ರವರೆಗೆ. ಅಂದರೆ ಅಂಕ ಸಿಗುವುದು ಹತ್ತು ಹಾಡುಗಳಿಗೆ ಮಾತ್ರ. ಸ್ವಿಟ್ಜರ್ಲೆಂಡ್‌ನ ಬಾಸೆಲ್ ನಗರದಲ್ಲಿ ನಡೆದ ಆ ಫೈನಲ್‌ನಲ್ಲಿದ್ದ ಹಾಡುಗಳು 26. ಒಂದು ದೇಶದ ಪ್ರೇಕ್ಷಕರ ಪಟ್ಟಿಯಲ್ಲಿ ಹನ್ನೊಂದನೆಯದಾಗಿ ಬಂದ ಹಾಡಿಗೂ ಕೊನೆಯದಾಗಿ ಬಂದ ಹಾಡಿಗೂ ಸಿಗುವುದು ಅದೇ ಸೊನ್ನೆ. ಎಲ್ಲ ದೇಶಗಳಲ್ಲೂ ಹನ್ನೊಂದನೇ ಸ್ಥಾನ ಪಡೆದ ಹಾಡನ್ನು ಊಹಿಸಿಕೊಳ್ಳಿ. ಯೂರೋಪ್ ತುಂಬ ಅದನ್ನು ಇಷ್ಟಪಟ್ಟವರಿದ್ದಾರೆ, ಫಲಕದಲ್ಲಿ ಮಾತ್ರ ಏನೂ ಇಲ್ಲ.

ಇಲ್ಲಿ ತೀರ್ಪುಗಾರರಿಗೂ ಮನೆಯಲ್ಲಿ ಕೂತ ಪ್ರೇಕ್ಷಕರಿಗೂ ಕೆಲಸವೇ ಬೇರೆ. 2025ರವರೆಗಿನ ನಿಯಮದಂತೆ ಪ್ರತಿ ದೇಶದ ಐವರು ತೀರ್ಪುಗಾರರು ತಮ್ಮ ದೇಶದ್ದನ್ನು ಬಿಟ್ಟು ಉಳಿದ ಎಲ್ಲ ಹಾಡುಗಳನ್ನೂ ಕ್ರಮವಾಗಿ ಪಟ್ಟಿ ಮಾಡಬೇಕು. ಕಂಠ, ಪ್ರದರ್ಶನ, ರಚನೆ, ಸ್ವಂತಿಕೆ ಇವುಗಳ ಮೇಲೆ ಕಣ್ಣಿಡಬೇಕು. ಅವರು ನೋಡುವುದು ಶನಿವಾರದ ನೇರ ಪ್ರಸಾರವನ್ನಲ್ಲ, ಶುಕ್ರವಾರ ರಾತ್ರಿಯ ಪೂರ್ಣ ತಾಲೀಮನ್ನು. ಅಂಥ ಪಟ್ಟಿಯಲ್ಲಿ ತಪ್ಪಿಲ್ಲದೆ ಹಾಡಿದ, ಯಾರಿಗೂ ಬೇಸರ ತರಿಸದ ಬ್ಯಾಲಡ್ ತಾನಾಗಿ ಮೂರು, ನಾಲ್ಕು, ಐದನೇ ಸ್ಥಾನಗಳಲ್ಲಿ ಬಂದು ಕೂರುತ್ತದೆ. ಪ್ರೇಕ್ಷಕನಿಗೆ ಪಟ್ಟಿ ಮಾಡುವ ಹೊರೆಯಿಲ್ಲ. ತನ್ನ ಮೆಚ್ಚಿನ ಒಂದೋ ಎರಡೋ ಹಾಡಿಗೆ ದುಡ್ಡು ಕೊಟ್ಟು ಮತ ಹಾಕಿದರೆ ಅವನ ಕೆಲಸ ಮುಗಿಯಿತು. 2025ರಲ್ಲಿ ಒಬ್ಬರು 20 ಮತ ಹಾಕಬಹುದಿತ್ತು, ಇಪ್ಪತ್ತನ್ನೂ ಒಂದೇ ಹಾಡಿಗೆ ಸುರಿಯಲು ಅಡ್ಡಿ ಇರಲಿಲ್ಲ. (2026ಕ್ಕೆ ಆ ಮಿತಿಯನ್ನು 10ಕ್ಕೆ ಇಳಿಸಲಾಯಿತು.) ಹೀಗಾಗಿ ನೂರು ಜನರಿಗೆ ಮೂರನೇ ಮೆಚ್ಚುಗೆಯಾದ ಹಾಡಿಗಿಂತ ಹತ್ತು ಜನರಿಗೆ ಹುಚ್ಚು ಹಿಡಿಸಿದ ಹಾಡಿನ ಗಂಟೇ ದೊಡ್ಡದಾಗುತ್ತದೆ.

ಇನ್ನು ಆತಿಥೇಯ ದೇಶ ಎಂಬ ವಿಷಯ. ತನ್ನ ದೇಶದ ಹಾಡಿಗೆ ಯಾರೂ ಮತ ಹಾಕುವಂತಿಲ್ಲ. ಸಭಾಂಗಣದಲ್ಲಿ ಅತಿ ಜೋರಾಗಿ ಕೂಗುವವರು ಸ್ಥಳೀಯರೇ, ಆ ಹಾಡಿಗೆ ಒಂದು ಮತವನ್ನೂ ಹಾಕಲಾಗದವರೂ ಅವರೇ. ಟೀವಿಯಲ್ಲಿ ಕೇಳುವ ಆ ಗದ್ದಲವನ್ನು ನಂಬಿ ಅಂಕ ಊಹಿಸಿದವರು ಪ್ರತಿ ವರ್ಷ ಮೋಸ ಹೋಗುತ್ತಾರೆ.

ಇನ್ನೊಂದು ತೊಡಕು ನೇರ ಪ್ರವೇಶದ್ದು. ಆತಿಥೇಯರಿಗೆ ಸೆಮಿಫೈನಲ್ ಸ್ಪರ್ಧೆಯಿಲ್ಲ. ಸೆಮಿಫೈನಲ್‌ನಲ್ಲಿ ಒಂದು ಹಾಡಿಗೆ ಮತ ಹಾಕಿ ಅದನ್ನು ಫೈನಲ್‌ಗೆ ಕಳಿಸಿದವರು ಶನಿವಾರವೂ ಅದೇ ಹಾಡಿನ ಹಿಂದೆ ನಿಲ್ಲುವುದು ಸಹಜ. ಆತಿಥೇಯರ ಹಾಡಿಗೆ ಅಂಥ ಪಡೆ ಕಟ್ಟಿಕೊಳ್ಳುವ ಅವಕಾಶವೇ ಇಲ್ಲ. 2024ರಿಂದ ನೇರ ಪ್ರವೇಶದವರೂ ಸೆಮಿಫೈನಲ್‌ನಲ್ಲಿ ಪೂರ್ತಿ ಹಾಡನ್ನು ಸ್ಪರ್ಧೆಯ ಹೊರಗೆ ಹಾಡುತ್ತಿದ್ದಾರೆ. ಅದಕ್ಕೂ ಮುಂಚೆ ತೋರಿಸುತ್ತಿದ್ದದ್ದು ಬರೀ ತುಣುಕು. ಅಪ್ಪಟ ಸಂಗೀತಪ್ರಿಯರಿಗೆ ಇದು ಒಳ್ಳೆಯ ಬದಲಾವಣೆ, ಮತದ ಲೆಕ್ಕಕ್ಕೆ ಅಷ್ಟೇನೂ ಅಲ್ಲ.

ಹಾಡುವ ಸರದಿಯ ಪಾತ್ರವೂ ಇದೆ. 2013ರಿಂದ ಫೈನಲ್‌ನ ಕ್ರಮವನ್ನು ನಿರ್ಮಾಪಕರು ಜೋಡಿಸುತ್ತಾರೆ. ಆತಿಥೇಯರ ಸ್ಥಾನವನ್ನು ಮಾತ್ರ ಚೀಟಿ ಎತ್ತಿ ನಿರ್ಧರಿಸುತ್ತಾರೆ, ಪಕ್ಷಪಾತದ ಮಾತು ಬರದಿರಲಿ ಎಂದು. ಬಾಸೆಲ್‌ನಲ್ಲಿ ಬಂದದ್ದು 19. ಕೆಟ್ಟ ಸ್ಥಾನವೇನಲ್ಲ. ಆದರೆ ಬೆನ್ನಿಗೇ 20ರಲ್ಲಿ ಮಾಲ್ಟಾದ ಅಬ್ಬರದ ಕುಣಿತದ ಹಾಡು, 24ರಲ್ಲಿ ಫ್ರಾನ್ಸ್‌ನ ಲುಆನ್ ತನ್ನ ತಾಯಿಯನ್ನು ನೆನೆದು ಹಾಡಿದ, ಅದೇ ಫ್ರೆಂಚ್ ಭಾಷೆಯ ಇನ್ನೊಂದು ಬ್ಯಾಲಡ್. 9ರಲ್ಲಿ ಆಸ್ಟ್ರಿಯಾದ ಜೇಜೇ ಒಪೆರಾ ಕಂಠದಲ್ಲಿ ಮೊದಲೇ ಹಾಡಿ ಹೋಗಿದ್ದಾಗಿತ್ತು. ಮೆಲ್ಲಗೆ ಹಾಡುವ ಸ್ವಿಸ್ ಹುಡುಗಿ ಇಷ್ಟವಾದವರಿಗೂ ಮೊದಲ ಮೆಚ್ಚಿನದಾಗಿ ಬೇರೆಯದೇ ಹಾಡು ಇರುವ ಸಾಧ್ಯತೆ ಹೆಚ್ಚು.

ಆ ಸೊನ್ನೆ ಅಷ್ಟು ಕಹಿಯಾಗಿ ಕಂಡದ್ದಕ್ಕೆ ಪ್ರಕಟಣೆಯ ಕ್ರಮವೂ ಕಾರಣ. 2019ರಿಂದ ಪ್ರೇಕ್ಷಕರ ಅಂಕಗಳನ್ನು ತೀರ್ಪುಗಾರರ ಪಟ್ಟಿಯ ಕೆಳಗಿನಿಂದ ಮೇಲಕ್ಕೆ ಓದುತ್ತಾರೆ. ಸ್ವಿಟ್ಜರ್ಲೆಂಡ್ ತೀರ್ಪುಗಾರರಿಂದ 214 ಪಡೆದು ಎರಡನೆಯದಾಗಿತ್ತು, ಹಾಗಾಗಿ ಅದರ ಸರದಿ ಕೊನೆಯಿಂದ ಎರಡನೆಯದು. ಅಷ್ಟರಲ್ಲಿ ಇಸ್ರೇಲ್ 357 ಅಂಕಗಳೊಂದಿಗೆ ಮೇಲಿತ್ತು. ಸ್ವಿಸ್ ಹಾಡಿಗೆ 144 ಬಂದಿದ್ದರೆ ಅದನ್ನು ದಾಟುತ್ತಿತ್ತು. ಇಡೀ ಸಭಾಂಗಣ ಉಸಿರು ಹಿಡಿದು ಕಾದಿದ್ದ ಗಳಿಗೆಯಲ್ಲಿ ಬಂದದ್ದು ಸೊನ್ನೆ. ಆಮೇಲೆ ಆಸ್ಟ್ರಿಯಾಕ್ಕೆ 178 ಸೇರಿ ಒಟ್ಟು 436, ಗೆಲುವು. ಟೀವಿಯ ರೋಚಕತೆಗಾಗಿ ಮಾಡಿದ ಈ ಕ್ರಮ ಗಾಯಕರ ಪಾಲಿಗೆ ನಿರ್ದಯವೇ ಸರಿ. ಅಂತಿಮವಾಗಿ ಸ್ವಿಟ್ಜರ್ಲೆಂಡ್ 10ನೇ ಸ್ಥಾನದಲ್ಲಿ ಮುಗಿಸಿತು. 26ರಲ್ಲಿ ಹತ್ತನೆಯದು ಸೋಲೇನಲ್ಲ, ಆದರೆ ಜನರಿಗೆ ನೆನಪಿರುವುದು ಆ ಒಂದು ಗಳಿಗೆಯೇ.

ತಿರುಗುಮುರುಗಾದ ಉದಾಹರಣೆಯೂ ಇದೆ. 2019ರಲ್ಲಿ ಟೆಲ್ ಅವೀವ್‌ನಲ್ಲಿ ಇಸ್ರೇಲ್‌ನ ಕೋಬಿ ಮರಿಮಿ ಬ್ಯಾಲಡ್ ಹಾಡಿ, ಕೊನೆಗೆ ಕಣ್ಣೀರಿಟ್ಟರು. ಪ್ರೇಕ್ಷಕರು 35 ಅಂಕ ಕೊಟ್ಟರು, ತೀರ್ಪುಗಾರರು ಸೊನ್ನೆ. ಆ ರಾತ್ರಿ ಫಲಕದಲ್ಲಿ ಬೆಲಾರುಸ್ ತೀರ್ಪುಗಾರರಿಂದ 12 ಬಂದಿತ್ತು. ಅದು ಲೆಕ್ಕ ತಲೆಕೆಳಗಾಗಿ ಬಂದದ್ದೆಂದು ಕೆಲವು ದಿನಗಳಲ್ಲಿ ಗೊತ್ತಾಗಿ ತಿದ್ದಿದರು. ಬೆಲಾರುಸ್‌ನ ತೀರ್ಪುಗಾರರನ್ನು ಮೊದಲೇ ಕೈಬಿಡಲಾಗಿತ್ತು, ಅವರ ಜಾಗಕ್ಕೆ ಬೇರೆ ದೇಶಗಳ ಮತದಿಂದ ಒಂದು ಪಟ್ಟಿ ತಯಾರಿಸುವಾಗ ಆದ ಎಡವಟ್ಟು ಅದು. 2018ರಲ್ಲಿ ಲಿಸ್ಬನ್‌ನಲ್ಲಿ ಆತಿಥೇಯ ಪೋರ್ಚುಗಲ್‌ನ ಕ್ಲಾಡಿಯಾ ಪಸ್ಕೋವಾಲ್ ಹಾಡಿದ ಮೆಲುದನಿಯ ಹಾಡು 39 ಅಂಕದೊಂದಿಗೆ ಕಟ್ಟಕಡೆಗೆ ನಿಂತಿತು. 2015ರಲ್ಲಿ ವಿಯೆನ್ನಾದಲ್ಲಿ ಆಸ್ಟ್ರಿಯಾದ ತಂಡ ವೇದಿಕೆಯ ಮೇಲೆ ಪಿಯಾನೊಗೇ ಬೆಂಕಿ ಹಚ್ಚಿತು, ಆದರೂ ಅಂಕ ಸೊನ್ನೆ. ಸ್ವಂತ ನೆಲದಲ್ಲಿ ಸೊನ್ನೆ ಪಡೆದ ಮೊದಲ ಆತಿಥೇಯ ದೇಶ ಅದೇ.

ಹಾಗಂತ ಆತಿಥೇಯರ ಬ್ಯಾಲಡ್ ಸೋತೇ ಸೋಲುತ್ತದೆ ಎಂದೇನಿಲ್ಲ. 2012ರಲ್ಲಿ ಬಾಕುವಿನಲ್ಲಿ ಅಜರ್‌ಬೈಜಾನ್‌ನ ಸಬೀನಾ ಬಾಬಾಯೆವಾ 150 ಅಂಕ ಪಡೆದು ನಾಲ್ಕನೇ ಸ್ಥಾನ ಗಳಿಸಿದರು. ಅವರ ಬಿಳಿ ಉಡುಪೇ ಪರದೆಯಾಗಿ, ಅದರ ಮೇಲೆ ಬೆಳಕಿನ ಚಿತ್ರಗಳು ಹರಿದವು. 2022ರಲ್ಲಿ ಟುರಿನ್‌ನಲ್ಲಿ ಇಟಲಿಯ ಮಹಮೂದ್ ಮತ್ತು ಬ್ಲಾಂಕೋ ಜೋಡಿ 268 ಅಂಕಗಳೊಂದಿಗೆ ಆರನೆಯದಾಯಿತು, ಅದರಲ್ಲಿ 110 ಪ್ರೇಕ್ಷಕರದ್ದು. ಆ ಹಾಡು ಫೆಬ್ರವರಿಯಲ್ಲೇ ಇಟಲಿಯ ಸಾನ್‌ರೆಮೊ ಸಂಗೀತ ಉತ್ಸವ ಗೆದ್ದು, ಮೇ ತಿಂಗಳ ಹೊತ್ತಿಗೆ ಜನರ ಬಾಯಲ್ಲಿತ್ತು. ಮೊದಲೇ ಪರಿಚಿತವಾದ ಬ್ಯಾಲಡ್‌ಗೂ ಅದೇ ರಾತ್ರಿ ಮೊದಲ ಸಲ ಕಿವಿಗೆ ಬೀಳುವ ಬ್ಯಾಲಡ್‌ಗೂ ಅಜಗಜಾಂತರ.

ಸಾಮಾನ್ಯವಾಗಿ ಗೆದ್ದ ದೇಶವೇ ಮುಂದಿನ ವರ್ಷದ ಆತಿಥೇಯ. ಮತ್ತೆ ಗೆದ್ದರೆ ಮತ್ತೆ ಖರ್ಚು, ಅದಕ್ಕೇ ಬೇಕಂತಲೇ ಮೆತ್ತಗಿನ ಹಾಡು ಕಳಿಸುತ್ತಾರೆ ಎಂಬ ಗುಸುಗುಸು ಹಳೆಯದು. ಐರ್ಲೆಂಡ್ 1992, 93, 94ರಲ್ಲಿ ಸಾಲಾಗಿ ಗೆದ್ದಾಗಿನಿಂದ ಇದು ಹರಿದಾಡುತ್ತಿದೆ. ತಮಾಷೆಯೆಂದರೆ ಆತಿಥೇಯ ದೇಶ ಕೊನೆಯ ಬಾರಿ ಗೆದ್ದದ್ದು 1994ರಲ್ಲಿ ಡಬ್ಲಿನ್‌ನಲ್ಲಿ, ಅದೂ ಒಂದು ಪಿಯಾನೊ, ಒಂದು ಗಿಟಾರ್ ಮಾತ್ರ ಇದ್ದ ಸಪ್ಪಳವಿಲ್ಲದ ಹಾಡಿನಿಂದ. ಆಗ ಮತ ಪೂರ್ತಿ ತೀರ್ಪುಗಾರರದ್ದು. ಪ್ರೇಕ್ಷಕರ ದೂರವಾಣಿ ಮತ ಐದು ದೇಶಗಳಲ್ಲಿ ಶುರುವಾದದ್ದು 1997ರಲ್ಲಿ. ಅಲ್ಲಿಂದೀಚೆಗೆ 2025ರವರೆಗೆ ಆತಿಥೇಯರು ಯಾರೂ ಗೆದ್ದಿಲ್ಲ.

ಮುಂದಿನ ಸಲ ಅಭಿಮಾನಿಗಳ ಪ್ರತಿಕ್ರಿಯೆ ನೋಡಿ ಅಂದಾಜು ಕಟ್ಟುವಾಗ ಒಂದು ವಿಷಯ ಗಮನಿಸಿ. 'ಚೆನ್ನಾಗಿದೆ', 'ಸೊಗಸಾಗಿ ಹಾಡಿದಳು' ಎಂಬ ಮಾತು ಎಷ್ಟಿದ್ದರೂ ಅದು ತೀರ್ಪುಗಾರರ ಅಂಕದ ಸೂಚನೆ. 'ಈ ಸಲ ನನ್ನದು ಇದೇ' ಎನ್ನುವವರು ಎಷ್ಟು ಎಂದು ಎಣಿಸಿ, ಪ್ರೇಕ್ಷಕರ ಅಂಕ ಅದನ್ನು ಹಿಂಬಾಲಿಸುತ್ತದೆ. ಫೈನಲ್ ಮುಗಿದ ಮೇಲೆ ಯೂರೋವಿಷನ್‌ನ ಅಧಿಕೃತ ಜಾಲತಾಣದಲ್ಲಿ ಆ ವರ್ಷದ ಫೈನಲ್ ತೆರೆದು, ಒಂದೊಂದು ದೇಶದ ವಿವರವಾದ ಫಲಿತಾಂಶ ನೋಡಿ. ಅಂಕ ಸಿಗದ ಹಾಡುಗಳಿಗೂ ಅಲ್ಲಿ ಪ್ರೇಕ್ಷಕರ ಮತದಲ್ಲಿ ಎಷ್ಟನೇ ಸ್ಥಾನ ಎಂದು ಬರೆದಿರುತ್ತದೆ. ಸಾಲುಸಾಲಾಗಿ 11, 12, 13 ಕಂಡರೆ ಆ ಸೊನ್ನೆ ಕೂದಲೆಳೆಯಲ್ಲಿ ತಪ್ಪಿದ್ದು. 22, 24, 25 ಕಂಡರೆ ಹಾಡು ನಿಜಕ್ಕೂ ಯಾರನ್ನೂ ಮುಟ್ಟಿಲ್ಲ.